ಅಣವೀರಪ್ಪನ ರಕ್ತಕ್ಕೆ ಹೆಳವನ ಸಾಕ್ಷಿ

ಮುಂಬಯಿಯ ವಿಕ್ರೋಳಿಯ ಅರ್ಧ ಕಟ್ಟಡಗಳು ತನ್ನ ಕೈಯಿಂದಲೇ ಎದ್ದವು ಎನ್ನುತ್ತಿದ್ದ ಅಣವೀರಪ್ಪ ಗೌಂಡಿಗೆ ಅರವತ್ತೆಂಟಕ್ಕೆ ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು ಬರತೊಡಗಿತು. ಪರೇಲಿನ ಆಸ್ಪತ್ರೆಯಲ್ಲಿ ಎಲುಬಿನ ಮಜ್ಜೆ ತೆಗೆದು ನೋಡಿದರು. ರಕ್ತ ಹುಟ್ಟುತ್ತದೆ, ಬಲಿಯುವುದಿಲ್ಲ; ಹಾಗೇ ಬಿಟ್ಟರೆ ಕ್ಯಾನ್ಸರಿಗೆ ತಿರುಗೀತು ಎಂದರು ಡಾಕ್ಟರ್ ಮಾಧುರಿ. ತಿಂಗಳಿಗೆ ಏಳು ದಿನ ಹೊಟ್ಟೆಯ ಚರ್ಮಕ್ಕೆ ಸೂಜಿ. ಆರು ತಿಂಗಳಾದರೂ ಬೇಕು. ಮೊದಲು ರಕ್ತ ಇನ್ನಷ್ಟು ಇಳಿಯುತ್ತದೆ, ಹೆದರಬೇಡಿ.

ಇಳಿಯಿತು. ಸೂಜಿಯ ಎರಡೇ ಸುತ್ತಿನಲ್ಲಿ ಆಳು ಒಣಗಿದ ಜೋಳದ ಕಣಕಿಯಂತಾದ. ಮೂರನೆಯದಕ್ಕೆ ಒಲ್ಲೆ ಎಂದು ಕುಳಿತ. ಸೂಜಿಗಿಂತ ಹೆಚ್ಚು ಚುಚ್ಚಿದ್ದು ಬೇರೆ: ರಕ್ತ ಕೆಟ್ಟಿದೆ ಎಂದರೆ ವಂಶ ಕೆಟ್ಟಿದೆ ಎಂದೇ ಅವನ ತಿಳಿವಳಿಕೆ.

"ನಮ್ಮ ಮನಿತನದ ರಗತಕ್ಕ ಹೆಸರಿಡಾಕ ಆಕಿ ಯಾರ? ಹೆಳವನ್ನ ಕರಸ್ತೀನಿ. ಏಳು ತಲಿ ಓದಸ್ತೀನಿ. ಒಬ್ಬರಿಗರೆ ಈ ರೋಗ ಇದ್ದರ ಸೂಜಿ, ಇಲ್ಲಂದ್ರ ಇಲ್ಲ!"

"ಓದಸ್ರಿ" ಎಂದಳು ಹೆಂಡತಿ ಸುಂದ್ರವ್ವ. "ಹೆಂಗೂ ಬಂದಾಂವ ನಿಮ್ಮ ಹೆಸರಿನ ಮುಂದ ಲಿಂಗೈಕ್ಯ ಅಂತ ಬರ್ಕೊಂಡು ಹೋಗ್ಲಿ."

ಹೆಳವನೆಂದರೆ ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವವನು. ಹಿಂದೆ ಅವರು ಎತ್ತಿನ ಮೇಲೆ ಬರುತ್ತಿದ್ದರು. ಯಲ್ಲಾಲಿಂಗ ಹೆಳವ ಅವರ ಊರ ಕಡೆಯ ಇಂಡಿಯಿಂದ ರೈಲಿನಲ್ಲಿ ಬಂದಿಳಿದ. ಡಾಕ್ಟರರ ಎದುರೇ ಓದಿಸಬೇಕೆಂದು ಅಣವೀರಪ್ಪನ ಹಟ; ನೆರೆಯವನೆಂದು ನನ್ನನ್ನೂ ಎಳೆದುಕೊಂಡ, ನಾಲ್ವರೂ ಲೋಕಲ್ ರೈಲು ಹತ್ತಿ ಪರೇಲಿಗೆ ಹೋದೆವು.

ಡಾಕ್ಟರರ ಮೇಜಿನ ಮೇಲೆ ಪುಸ್ತಕ ಬಿಚ್ಚಿ ಯಲ್ಲಾಲಿಂಗ ಧ್ವನಿ ತೆಗೆದ. "ಮೂಲಪುರುಷ ಗುರಲಿಂಗಪ್ಪ, ಹುಲಿಯಂಥಾ ಆಳು! ಅವನ ಮಗ ಬಸವಂತರಾಯ, ಕೊಂಬು ಹಿಡಿದ್ರ ಹೋರಿ ಕುಂದರತಿತ್ತು, ಉಂಡ್ರ ಹನ್ನೆರಡು ರೊಟ್ಟಿ!"

ಹೊರಗಿನ ರೋಗಿಗಳು ಬಾಗಿಲಿಗೆ ಬಂದು ನಿಂತರು. ಏಳು ತಲೆಯಲ್ಲಿ ಒಬ್ಬನಿಗೂ ನೆಗಡಿ ಸಹ ಆಗಿರಲಿಲ್ಲ. ಅಣವೀರಪ್ಪ ಮೀಸೆ ತೀಡಿದ.

ಡಾಕ್ಟರರು ಬೆಳಗಾವಿ ಮೂಲದವರು, ಬೆಳೆದದ್ದು ಮುಂಬಯಿ. ತಡವರಿಸುತ್ತ ಕೇಳಿದರು, "ಮಾಮಾ, ನಡುವೆ ಎರಡು ಪೇಜ್ ಹಾಗೇ ತಿರುಗಿಸಿದ್ರಿ. ಯಾಕೆ?"

"ಬರ್ದದ್ದೆಲ್ಲಾ ಓದೂದಿಲ್ರೀ ಅವ್ವಾರ. ಯಾವುದು ಬಿಡಬೇಕು ಅಂತ ನಮ್ಮಪ್ಪ ಗುರುತು ಹಾಕ್ಯಾನ."

"ಬಸ್!" ಎಂದು ಡಾಕ್ಟರರು ಅಣವೀರಪ್ಪನತ್ತ ತಿರುಗಿದರು. "ಕಾಕಾ, ಸೇಮ್ ನಿಮ್ಮಲ್ಲೂ. ಒಂದೊಂದು ಸೆಲ್ ಒಳಗೂ ಇಂಥದೇ ಪುಸ್ತಕ ಇದೆ. ವಯಸ್ಸಿಗೆ ಒಂದೆರಡು ಅಕ್ಷರ ಸವೆದಿರಬಹುದು, ಅದು ಬೇರೆ. ಆದ್ರೆ ರಕ್ತ ಹೇಗೆ ಬಲೀಬೇಕು ಅನ್ನೋ ಒಳ್ಳೇ ಸಾಲುಗಳು ಒಳಗೇ ಇವೆ. ಅದರ ಮೇಲೆ ತಪ್ಪು ಗುರುತು ಬಿದ್ದಿದೆ, ಸೆಲ್ ಅದನ್ನ ಬಿಟ್ಟು ಓದ್ತಾ ಇದೆ. ಈ ಔಷಧ ಅಕ್ಷರ ಮುಟ್ಟೋದಿಲ್ಲ, ಗುರುತು ಅಳಿಸ್ತದೆ. ಹೊಸ ಸೆಲ್ ಹುಟ್ಟುವಾಗ ಥೋಡಾ ಥೋಡಾ. ಅದಕ್ಕೇ ಆರು ತಿಂಗಳು."

"ಹಂಗಾರ ಮುತ್ಯಾರಿಂದ ಬಂದದ್ದಲ್ಲ?"

"ಅಲ್ಲ ಕಾಕಾ."

ಅಣವೀರಪ್ಪನ ಬೆನ್ನು ನೆಟ್ಟಗಾಯಿತು. ಆದರೂ ಹಟ ಹುಣಸೆಯ ಬೇರು. "ಮುಂದಿನ ತಿಂಗಳ ನೋಡೂಣು, ವಿಚಾರ ಮಾಡ್ತೀನಿ" ಎಂದ.

"ಅವರು ವಿಚಾರ ಮಾಡ್ಲಿ" ಎಂದು ಸುಂದ್ರವ್ವ ಕುರ್ಚಿ ಎಳೆದಳು. "ಯಲ್ಲಾಲಿಂಗಾ, ಅಲ್ಲೀತನಾ ನೀ ಆ ಬಿಟ್ಟ ಹಾಳಿ ಓದು."

"ಬ್ಯಾಡ್ರೀ ತಾಯಿ."

"ಓದಂದ್ರ ಓದು! ನಲವತ್ತು ವರ್ಷ ಬರೇ ಹುಲಿ, ಹೋರಿ ಕೇಳೇನಿ."

ಯಲ್ಲಾಲಿಂಗ ಕೆಮ್ಮಿದ. "ನಾಕನೇ ತಲಿ ಶೆಟ್ಟೆಪ್ಪ... ಬೀಗರ ಎಮ್ಮಿ ಹೊಡ್ಕೊಂಡು, ಸಿಗಬಾರ್ದಂತ ಸೀರಿ ಉಟ್ಕೊಂಡು..."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅಣವೀರಪ್ಪ ಅಂಗಿಯ ಗುಂಡಿ ಬಿಚ್ಚುತ್ತಲೇ ಎದ್ದ. "ಯವ್ವಾ ಡಾಕ್ಟರವ್ವಾ, ಸೂಜಿ ಮಾಡೂದು ಯಾವ ಖೋಲಿ? ನಡಿ, ಲಗೂ ನಡಿ!"

ಮೂರು ತಿಂಗಳಲ್ಲಿ ಅವನು ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ. ಸುಂದ್ರವ್ವ ಹಿಂದೆ ಹೋಗಲಿಲ್ಲ. ಹೆಳವನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು:

"ಸೀರಿ ಯಾರದೋ ಅದು?"