ಚೀಲದ ತಳದ ಕೊಸರು

ಜಮಖಂಡಿಯ ಮೀನು ಸಂತೆಯಲ್ಲಿ ನಮ್ಮ ಅತ್ತೆಗೆ ದೊಡ್ಡ ಹೆಸರು. ಚೌಕಾಶಿ ಮುಗಿಸಿ ಮನೆಗೆ ಬಂದರೆ ಎಷ್ಟು ಕೊಟ್ಟೆ ಎಂಬ ಮಾತೇ ಇಲ್ಲ. ಚೀಲದ ತಳದಿಂದ ಒಂದು ಹಿಡಿ ಸಣ್ಣ ಮೀನು ತೆಗೆದು ತೋರಿಸುತ್ತಿದ್ದರು. ಅದು ಕೊಸರು, ಮಾರುವವಳು ತೂಕದ ಮೇಲೆ ತಾನಾಗಿಯೇ ಹಾಕಿದ್ದು.

"ಜಗ್ಗಾಡಿ ರೇಟ್ ಇಳಸೂದು ಯಾರಿಗರೆ ಬರತೈತಿ. ಆಕಿ ಮನಸ ಮುರದ್ರ ಕೊಸರು ಬೀಳಂಗಿಲ್ಲ" ಎನ್ನುತ್ತಿದ್ದರು. ಕೇಳಿ ಪಡೆದರೆ ಅವರ ಪ್ರಕಾರ ಅದು ಕೊಸರೇ ಅಲ್ಲ.

ಆಲಮಟ್ಟಿಯ ಹಿನ್ನೀರು ನಿಂತ ಮೇಲೆ ಗಲಗಲಿ ಕಡೆಯಿಂದ ದೊಡ್ಡ ದೊಡ್ಡ ಕಟ್ಲಾ ಮೀನು ಬರತೊಡಗಿದ್ದ ಕಾಲ. ನಾದಿನಿಯ ಗಂಡನ ಕಡೆಯ ಹೊಸ ಬೀಗರು ಮೊದಲ ಸಲ ಊಟಕ್ಕೆ ಬರುವ ದಿನವೇ ಅತ್ತೆಯ ಮೊಣಕಾಲು ಬಾತಿತು. ಅಲ್ಲಿಯವರೆಗೆ ಅವರ ಹಿಂದೆ ಬರೀ ಚೀಲ ಹಿಡಿದು ಹೋಗುತ್ತಿದ್ದ ನನ್ನ ಕೈಗೆ ಅಂದು ಸಂತೆಯೇ ಬಂತು.

"ಮೀನಿನ ಕಿವಿ ಎತ್ತಿ ನೋಡಿದಿ ಅಂದ್ರ ರೇಟ್ ಹೇಳದ ಏಳಬ್ಯಾಡ, ಅದು ಆಕಿಗೆ ಅವಮಾನ" ಎಂದರು ಅತ್ತೆ.

"ಕಾನ್ವೆಂಟ್ ಸಾಲಿ ಕಲತಾಕಿ, ಪ್ಲೀಸ್ ಅಂದು ಕೇಳಿ ಬರ್ತಾಳ ತಗೋ" ಎಂದು ಮಾವ ನಕ್ಕರು. ನಾನೂ ನಕ್ಕೆ, ಆದರೆ ಕೊಸರಿಲ್ಲದೆ ಈ ಹೊಸ್ತಿಲು ದಾಟಬಾರದು ಎಂದುಕೊಂಡೆ.

ನಮ್ಮ ಖಾಯಂ ಮೀನಿನವಳ ಮುಂದೆ ಕೂತು ಒಂದು ಕಟ್ಲಾದ ಕಿವಿ ಎತ್ತಿದೆ. ಒಳಗೆ ಕಿವಿರು ದಾಸವಾಳದ ಕೆಂಪು, ತಾಜಾ ಮೀನು. ಅವಳು ರೇಟ್ ಹೇಳಿದಳು, ನಾನು ಮೆಲ್ಲಗೆ ನನ್ನದು ಹೇಳಿದೆ.

"ಜೋರಾಗೇ ಹೇಳಬೇ, ಮೀನ ಸತ್ತೈತಿ, ಎಚ್ಚರಾಗಂಗಿಲ್ಲ!"

ಸುತ್ತಲಿನವರೆಲ್ಲ ನಕ್ಕರು. ನಾನು ಅದೇ ದನಿಯಲ್ಲಿ ಅದನ್ನೇ ಹೇಳಿದೆ.

"ಅಷ್ಟಕ್ಕ ಕೊಡಾಕ ಇದೇನ ಹೊಳ್ಯಾಗಿಂದ ತಾನ ನಡಕೊಂತ ಬಂದೈತೇನ?"

ಈಗ ಮೀನನ್ನು ಹಳಿಯಬೇಕು, ಅದು ಸಂತೆಯ ರೀತಿ. ಅತ್ತೆಯಾದರೆ "ಇದೇನ ಮೀನೋ, ಹಳೇ ಚಪ್ಪಲೋ" ಎನ್ನುತ್ತಿದ್ದರು. ಆ ಮೀನಿನ ಕಣ್ಣು ತಿಳಿನೀರಿನ ಹಾಗಿತ್ತು. ಅದನ್ನು ಹಳಿಯಲು ನನಗೆ ಬಾಯಿ ಬರಲಿಲ್ಲ.

"ಮೀನ ಭಾಳ ಛಲೋ ಐತ್ರೀ. ಆದ್ರ ನನ್ನ ರೇಟ್ ಅಷ್ಟ."

"ಅಯ್ಯ ಯವ್ವಾ! ಮೀನ ಹೊಗಳಿ ಚೌಕಾಶಿ ಮಾಡೂದ ಇವತ್ತ ನೋಡಿದ್ವಿ!" ಎಂದು ಪಕ್ಕದ ಬುಟ್ಟಿಯವಳು ಕೂಗಿದಳು. ನಮ್ಮವಳು ಬಿಗಿಯಾಗಿ ಕೂತಳು. ಆಮೇಲೆ ಒಂದಿಷ್ಟು ಇಳಿದಳು, ನಾನು ಒಂದಿಷ್ಟು ಏರಿದೆ. ತಕ್ಕಡಿ ಎತ್ತಿದಳು.

ಮೀನು ಚೀಲಕ್ಕೆ ಬಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಸಣ್ಣ ಮೀನಿನ ಬುಟ್ಟಿಯತ್ತ ನೋಡಲೇ ಇಲ್ಲ. ಕೇಳುವಂತಿಲ್ಲ. ಚೀಲದ ಬಾಯಿ ಮಡಚಿ ಎದ್ದೆ.

"ನಿಂದರ ಸ್ವಲ್ಪ. ಚೀಲ ತಗಿ." ಅವಳ ಕೈ ಬುಟ್ಟಿಗೆ ಹೋಯಿತು. "ನಿಮ್ಮತ್ತಿ ಇಷ್ಟ ವರ್ಷದಾಗ ನನ್ನ ಮೀನಿಗೆ ಒಂದರೆ ಒಳ್ಳೆ ಮಾತ ಆಡ್ಯಾಳೇನ ಕೇಳ ಮನಿಗೆ ಹೋಗಿ!" ಒಂದು ಹಿಡಿ ಹಾಕಿ, ಮತ್ತೆ ಇನ್ನೊಂದು ಹಿಡಿ ಹಾಕಿದಳು.

ಮನೆಯಲ್ಲಿ ಅತ್ತೆ ಕಟ್ಲಾವನ್ನು ಬದಿಗೆ ಸರಿಸಿ ಚೀಲದ ತಳಕ್ಕೆ ಕೈ ಹಾಕಿದರು. ಬೆರಳಿಗೆ ಸಿಕ್ಕಿದ್ದು ಒಂದು ಹಿಡಿಯಲ್ಲ, ಎರಡು. ಸಣ್ಣ ಮೀನನ್ನೆಲ್ಲ ತಾಟಿಗೆ ಸುರಿದುಕೊಂಡು, ಬಾತ ಮೊಣಕಾಲಲ್ಲಿ ಕುಂಟುತ್ತಲೇ, ಬೀಗರು ಕೂತಿದ್ದ ಪಡಸಾಲೆಗೆ ಹೋದರು.

"ನೋಡ್ರಿ, ನಮ್ಮ ಸೊಸಿ ತಂದ ಕೊಸರು!"

ದೊಡ್ಡ ಮೀನನ್ನು ಬೀಗರಿನ್ನೂ ನೋಡಿಯೇ ಇರಲಿಲ್ಲ.