ಮಗ್ಗದ ಮನೆಗೆ ಬಂದ ಬೆಕ್ಕಿನ ಮರಿ

ನಿಡುಗಲ್ ಬೆಟ್ಟದ ತಪ್ಪಲಿನ ಹಟ್ಟಿಯೊಂದರಲ್ಲಿ ಈರಕ್ಕ ಎಂಬ ಹೆಂಗಸಿದ್ದಳು. ಆಕೆ ಉಣ್ಣೆ ನೂಲುವಳು. ಗಂಡ ಯತ್ತಪ್ಪ ಕಂಬಳಿ ನೇಯುವನು. ಹತ್ತು ಹದಿನೈದು ಕುರಿಗಳೂ ಇದ್ದವು. ತಾಯಿ ಸತ್ತ ಕುರಿಮರಿಯನ್ನು ಬದುಕಿಸುವುದರಲ್ಲಿ ಈರಕ್ಕನದು ಎತ್ತಿದ ಕೈ. ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ, ಮಡಿಲಲ್ಲಿ ಮಲಗಿಸಿಕೊಂಡು, ಎಷ್ಟೋ ಮರಿಗಳನ್ನು ಆಕೆ ಮಂದೆಗೆ ಸೇರಿಸಿದ್ದಳು. ಆಚೀಚಿನ ಹಟ್ಟಿಗಳವರೂ ಸೊರಗಿದ ಮರಿಗಳನ್ನು ಆಕೆಯ ಬಳಿಗೇ ತರುತ್ತಿದ್ದರು.

ಎಪ್ಪತ್ತೆಂಟನೆಯ ಇಸವಿಯ ಸುಗ್ಗಿ ಮುಗಿದ ಮೇಲೆ ಆ ಮನೆಯಲ್ಲಿ ಇಲಿಗಳ ಕಾಟ ಹೆಚ್ಚಿತು. ಕಂಬಳಿಯ ಹಾಸಿನ, ಎಂದರೆ ಮಗ್ಗದ ಉದ್ದಕ್ಕೂ ಬಿಗಿಯುವ ಎಳೆಗಳ, ನೂಲು ಗಟ್ಟಿಯಾಗಲೆಂದು ಅದಕ್ಕೆ ಹುಣಸೆಬೀಜದ ಗಂಜಿ ಬಳಿಯುತ್ತಾರೆ. ಆ ಗಂಜಿಯ ರುಚಿ ಹತ್ತಿದ ಇಲಿಗಳು ಮಗ್ಗಕ್ಕೆ ಏರಿಸಿದ ಹಾಸನ್ನೇ ಕಡಿದುಹಾಕತೊಡಗಿದವು. ಎರಡು ಕಂಬಳಿಗಳು ಅರ್ಧಕ್ಕೇ ನಿಂತವು. ಸಂತೆಯಿಂದ ಇಲಿಪಾಷಾಣ ತರುವೆನೆಂದು ಯತ್ತಪ್ಪ ಹೊರಟಾಗ ಈರಕ್ಕ ಬಾಗಿಲಿಗೆ ಅಡ್ಡ ನಿಂತಳು. ಹಿಂದಿನ ವರ್ಷ ಪಾಷಾಣ ಬೆರೆಸಿದ ಹಿಟ್ಟಿನುಂಡೆಯನ್ನು ತಿಂದು, ಆಕೆ ಕೈಯಾರೆ ಸಾಕಿದ ಕುರಿಮರಿಯೊಂದು ಕಣ್ಣೆದುರಿಗೇ ಒದ್ದಾಡಿ ಸತ್ತಿತ್ತು. ಈಗಲೂ ಮನೆಯೊಳಗೆ ಎರಡು ಎಳೆಯ ಮರಿಗಳಿದ್ದವು.

“ಬೆಕ್ಕು ತತ್ತೀನಿ. ಪಾಸಾಣ ಮಾತ್ರ ಒಳೀಕ್ ಬ್ಯಾಡ,” ಎಂದಳು.

“ಯುಗಾದಿಗಂಟ ನೋಡ್ತೀನಿ. ಅದ್ರ ಮ್ಯಾಲೂ ಹಾಸು ಕಡೀತು ಅಂದ್ರೆ ನಿನ್ ಮಾತು ಕೇಳಾಕಿಲ್ಲ,” ಎಂದ ಯತ್ತಪ್ಪ.

ಪಕ್ಕದ ಊರಿನ ಚಿಕ್ಕಲಕ್ಷ್ಮಮ್ಮನ ಮನೆಯಲ್ಲಿ ಬೆಕ್ಕು ನಾಲ್ಕು ಮರಿ ಹಾಕಿದ ಸುದ್ದಿ ತಿಳಿದಿತ್ತು. ಈರಕ್ಕ ಮರುದಿನವೇ ಸಿದ್ಧತೆಗೆ ತೊಡಗಿದಳು. ಹರಕು ಮಂಕರಿಯೊಂದಕ್ಕೆ ನೂಲಲು ಬಾರದ ಚಿಂದಿ ಉಣ್ಣೆಯನ್ನು ತುಂಬಿ ಮೆತ್ತಗೆ ಮಾಡಿದಳು. ಹಾಲಿಗೊಂದು ತೆಂಗಿನ ಚಿಪ್ಪನ್ನು ಹೆರೆದು ನುಣುಪುಗೊಳಿಸಿದಳು. ಒಡೆದ ಮಡಕೆಯ ತಳಕ್ಕೆ ಒಲೆಯ ಬೂದಿ ಸುರಿದು, ಮರಿ ಹೇಲುಚ್ಚೆ ಮಾಡಲೆಂದು ಮೂಲೆಗಿಟ್ಟಳು. ಮರಿ ಮಗ್ಗದ ಗುಂಡಿಯೊಳಗೆ ಬೀಳದಂತೆ ಅದರ ಬಾಯಿಗೆ ಗೋಣಿತಾಟು ಹೊದಿಸಿದಳು. ಬಾಗಿಲಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ ಅತ್ತೆ ಕರಿಯಕ್ಕ, “ಹೊಸ ಅಳಿಯ ಬತ್ತಾನೇನೋ ಅನ್ನಂಗೆ ಸಡಗರ ಮಾಡ್ತಿದ್ದೀಯಲ್ಲೇ,” ಎಂದು ನಕ್ಕಳು.

ಚಿಕ್ಕಲಕ್ಷ್ಮಮ್ಮನ ಮನೆಗೆ ಹೋಗಿ ನೋಡಿದರೆ, ಮರಿಗಳು ಕಣ್ಣು ಬಿಟ್ಟು ವಾರವಾಗಿತ್ತು ಅಷ್ಟೆ, ನಡೆದರೆ ತಟ್ಟಾಡುತ್ತಿದ್ದವು. ಇನ್ನೂ ಒಂದು ತಿಂಗಳು ತಾಯಿಯ ಹಾಲು ಕುಡಿಯಲೆಂದು ಚಿಕ್ಕಲಕ್ಷ್ಮಮ್ಮ ಹೇಳಿದಳು. ಬೆಕ್ಕಿನ ವಾಸನೆಯೊಂದಿದ್ದರೂ ಇಲಿಗಳು ಹೆದರುತ್ತವೆ, ಅಷ್ಟು ದಿನ ಕಾಯುವುದೆಂದರೆ ಹಾಸು ಉಳಿಯುವುದಿಲ್ಲವೆಂಬ ಆತುರ ಈರಕ್ಕನದು.

“ಹುಟ್ಟಿದ್ ಗಳಿಗೇಲಿ ತಬ್ಬಲಿಯಾದ ಕುರಿಮರೀನೇ ಉಳಿಸಿವ್ನಿ ಕಣಕ್ಕಯ್ಯ. ಇದ್ಯಾವ ಲೆಕ್ಕ?” ಎಂದು, ಬೂದು ಬಣ್ಣದ ಮರಿಯೊಂದನ್ನು ಆರಿಸಿಕೊಂಡಳು. ದಾರಿಯ ಗುರುತು ಹಿಡಿದು ಹಿಂದಕ್ಕೆ ಓಡಬಾರದೆಂದು ಅದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು.

ಮನೆಯಲ್ಲಿ ಕುರಿಯ ಹಾಲಿಗೇನೂ ಕೊರತೆಯಿರಲಿಲ್ಲ. ಆಗತಾನೇ ಕರೆದ ಬಿಸಿ ಹಾಲನ್ನು ಬತ್ತಿಯಲ್ಲಿ ಕುಡಿಸಿದಳು. ಮರಿ ಗಟಗಟನೆ ಕುಡಿಯಿತು, ಹೊಟ್ಟೆ ತಮಟೆಯಂತಾಯಿತು. ಎರಡನೆಯ ದಿನ ಭೇದಿ ಹತ್ತಿತು. ನಿತ್ರಾಣಕ್ಕೆ ಹಾಲೇ ಮದ್ದೆಂದು ಈರಕ್ಕ ಇನ್ನಷ್ಟು ಕುಡಿಸಿದಳು. ಸೊರಗಿದ ಕುರಿಮರಿಗಳಿಗೆ ಆಕೆ ಮಾಡುತ್ತಿದ್ದುದೇ ಹಾಗೆ. ನಾಲ್ಕನೆಯ ದಿನ ಮರಿಯ ಬಾಯಿಂದ ದನಿಯೂ ಹೊರಡದಾಯಿತು. ಐದನೆಯ ಬೆಳಗ್ಗೆ ಎತ್ತಿಕೊಂಡರೆ ಕುತ್ತಿಗೆ ಜೋತುಬಿತ್ತು.

ಕರಿಯಕ್ಕ ಬಂದು ಅದರ ಹೊಟ್ಟೆಯ ಮೇಲೆ ಬೆರಳಾಡಿಸಿದಳು. “ಕುರಿಹಾಲು ಬೆಣ್ಣೆ ಇದ್ದಂಗೆ. ದೊಡ್ಡೋರಿಗೇ ದಕ್ಕಾಕಿಲ್ಲ, ಇಷ್ಟುದ್ದ ಹೊಟ್ಟೆಗೆ ಹೆಂಗೆ ದಕ್ಕೀತು? ಇದು ಕುರಿಮರಿಯಲ್ಲ ಕಣಮ್ಮ, ಬೆಕ್ಕಿನ ಮರಿ,” ಎಂದಳು.

ಈರಕ್ಕ ಲೆಕ್ಕ ಹಾಕಿದಳು. ಹಿಂದಕ್ಕೆ ಕೊಂಡೊಯ್ದರೆ ಮನೆಯಲ್ಲಿ ಬೆಕ್ಕಿಲ್ಲ, ಪಾಷಾಣ ಬಂದೇ ಬರುತ್ತದೆ. ಇಟ್ಟುಕೊಂಡರೆ ಸಂಜೆಯೊಳಗೆ ಮರಿ ಸಾಯುತ್ತದೆ. ಅದೂ ಅಲ್ಲದೆ, ಅಷ್ಟು ಜಂಬದಿಂದ ಮಾತಾಡಿ ಬಂದ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಬೆಳಗಿನ ಗಂಜಿಯನ್ನೂ ಕುಡಿಯದೆ, ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.

ಚಿಕ್ಕಲಕ್ಷ್ಮಮ್ಮ ಬೈಯಲಿಲ್ಲ. ಮರಿಯನ್ನು ತಾಯಿಯ ಮುಂದಿಟ್ಟಳು. ತಾಯಿಬೆಕ್ಕು ಮೂಸಿ, ಬೆನ್ನು ಗೂನಾಗಿಸಿ ಬುಸ್ಸೆಂದಿತು. ಈರಕ್ಕ ಮರಿಯನ್ನು ಹಿಂದಕ್ಕೆ ಸೆಳೆದುಕೊಂಡಳು.

“ಉಣ್ಣೇಲಿ ಮಲಗಿಸಿದ್ದೀಯ. ಕುರಿ ನಾತ ಹೊಡೀತೈತೆ. ಯಾರ ಮನೆ ಟಗರು ಬಂತೋ ಅಂದ್ಕಂಡೈತೆ ಇದು,” ಎಂದಳು ಚಿಕ್ಕಲಕ್ಷ್ಮಮ್ಮ.

ಉಗುರುಬೆಚ್ಚನೆಯ ನೀರಿನಲ್ಲಿ ಬಟ್ಟೆ ಹಿಂಡಿ ಮರಿಯ ಮೈಯನ್ನು ಒರೆಸಿದಳು. ಉಳಿದ ಮರಿಗಳು ಮಲಗುತ್ತಿದ್ದ ಹಳೆಯ ಸೀರೆಯ ತುಂಡಿನಿಂದ ತಿಕ್ಕಿದಳು. ಆಮೇಲೆ ನಿದ್ದೆಯಲ್ಲಿದ್ದ ಆ ಮೂರು ಮರಿಗಳ ನಡುವೆ ಇದನ್ನು ಮೆಲ್ಲಗೆ ತೂರಿಸಿದಳು. ಈರಕ್ಕ ಗೋಡೆಗೊರಗಿ ಮಿಸುಕದೆ ಕುಳಿತಳು. ಹೊತ್ತು ನೆತ್ತಿಗೆ ಬಂತು. ತಾಯಿಬೆಕ್ಕು ಎರಡು ಸಲ ಬಂದು ಮೂಸಿ ದೂರ ಹೋಯಿತು. ಮೂರನೆಯ ಸಲ ಬಂದು ಮಲಗಿ, ಮೊದಲು ಮಿಕ್ಕ ಮರಿಗಳನ್ನು ನೆಕ್ಕಿತು. ಆಮೇಲೆ ಇದರ ತಲೆಯನ್ನೂ ನೆಕ್ಕಿತು. ಮರಿ ತಡವರಿಸಿ ಮೊಲೆಗೆ ಬಾಯಿಟ್ಟಿತು. ಈರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

ಮನೆಗೆ ಬರಿಗೈಯಲ್ಲಿ ಬಂದವಳನ್ನು ಯತ್ತಪ್ಪ ಬೆಕ್ಕೆಲ್ಲಿ ಎಂದು ಕೇಳಿದ. ನಡೆದುದನ್ನೆಲ್ಲ ಹೇಳಿ, ತಪ್ಪು ತನ್ನದೇ ಎಂದಳು. “ಯುಗಾದಿಗೆ ಇನ್ನೂ ದಿನ ಐತೆ. ಅಲ್ಲೀಗಂಟ ನಾನೇ ಬೆಕ್ಕು ಅನ್ಕೋ.”

ಯತ್ತಪ್ಪನಿಗೆ ನಗು ತಡೆಯಲಾಗಲಿಲ್ಲ. ಈರಕ್ಕ ತನ್ನ ಚಾಪೆಯನ್ನು ಮಗ್ಗದ ಪಕ್ಕಕ್ಕೆ ಎಳೆದುಕೊಂಡಳು. ಸದ್ದಾದಾಗಲೆಲ್ಲ ಕೋಲಿನಿಂದ ನೆಲಕ್ಕೆ ಬಡಿದಳು. ಆದರೂ ಒಂದೆರಡು ಎಳೆಗಳು ಹೋದವು. ಬಿಡುವಾದಾಗ ಪಕ್ಕದೂರಿಗೆ ಹೋಗಿ ಮರಿಯನ್ನು ನೋಡಿಕೊಂಡು ಬರುತ್ತಿದ್ದಳು, ಮುಟ್ಟುತ್ತಿರಲಿಲ್ಲ.

ಯುಗಾದಿಗೆ ಹತ್ತು ದಿನವಿರುವಾಗ ಮರಿಯನ್ನು ಮತ್ತೆ ತಂದಳು. ಅದೀಗ ಮಿಡತೆ ಹಿಡಿಯುವಷ್ಟು ಚುರುಕಾಗಿತ್ತು. ನೀರು ಬೆರೆಸಿದ ಹಸುವಿನ ಹಾಲಿನಲ್ಲಿ ಮುದ್ದೆ ಕಿವುಚಿ, ಚಿಟಿಕೆ ಚಿಟಿಕೆಯಾಗಿ ತಿನ್ನಿಸಿದಳು. ಬೆಕ್ಕಿನ ವಾಸನೆಗೋ ಏನೋ, ಇಲಿಗಳ ಸದ್ದು ದಿನೇ ದಿನೇ ಕಡಿಮೆಯಾಯಿತು.

ಹಬ್ಬದ ಹಿಂದಿನ ದಿನ ಯತ್ತಪ್ಪ ಹಾಸಿನ ಮುಂದೆ ಬಾಗಿ ನೋಡಿದ. ಮೂರು ಎಳೆಗಳು ತುಂಡಾಗಿದ್ದವು. ಈರಕ್ಕನ ಕೈಯ ನೂಲುವ ಕದಿರು ನಿಂತುಹೋಯಿತು. ಅವನು ತುದಿಗಳನ್ನು ಬೆಳಕಿಗೆ ಹಿಡಿದ. ಹಲ್ಲಿನ ಗುರುತಿರಲಿಲ್ಲ, ಎಳೆದು ಕಿತ್ತಂತಿತ್ತು. ಹಾಸಿನ ಕೆಳಗೆ ಮರಿ ಮಲಗಿತ್ತು. ಅದರ ಉಗುರಿಗೆ ಕರಿಯ ನೂಲು ಸಿಕ್ಕಿಕೊಂಡಿತ್ತು.

“ಇಲಿಯಲ್ಲ ಕಣೇ, ಕಾವಲು ಕಾಯೋನೇ ಕಿತ್ತವ್ನೆ,” ಎಂದು ಹೇಳಿ, ಯತ್ತಪ್ಪ ಬೆರಳಿಗೆ ಎಂಜಲು ಹಚ್ಚಿಕೊಂಡು ಎಳೆಗಳನ್ನು ಒಂದೊಂದಾಗಿ ಹೊಸೆದು ಕಟ್ಟಿದ.