ಗುಡ್ಡದಾಚೆಯ ದೋಣಿ

ಗುನ್‌ವೋರ್ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕ್ಯಾನ್ಸರ್.

ನಾರ್ವೆಯ ಈ ಉತ್ತರ ಕರಾವಳಿಯಲ್ಲಿ ಯಾರಾದರೂ ಕಡಲಲ್ಲಿ ಸಿಕ್ಕಿಬಿದ್ದರೆ, ಊರೂರಿನ ಸ್ವಯಂಸೇವಕರ ದೋಣಿಗಳಲ್ಲಿ ಹತ್ತಿರದ್ದಕ್ಕೆ ಕರೆ ಹೋಗುತ್ತದೆ. ಹತ್ತಿರದ್ದು ಯಾವುದೆಂದು ಹೇಳುವ ಪ್ರೋಗ್ರಾಂ ಬರೆದವಳು ಅವಳು. ಎರಡು ಜಾಗಗಳ ಅಕ್ಷಾಂಶ ರೇಖಾಂಶ ಕೊಟ್ಟರೆ ಸಾಕು, ಭೂಮಿ ಗುಂಡಗಿರುವುದನ್ನೂ ಲೆಕ್ಕಕ್ಕೆ ಹಿಡಿದು ನಡುವಿನ ದೂರ ಹೇಳುತ್ತಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಒಂದು ನವೆಂಬರಿನ ಮಧ್ಯಾಹ್ನ ಟೊರ್ಲೀಫ್ ಎಂಬ ಮೀನುಗಾರನ ದೋಣಿ ಹೌಕ್‌ವಿಕ್ ಕೊಲ್ಲಿಯಲ್ಲಿ ಮಗುಚಿತು. ಪ್ರೋಗ್ರಾಂ ಸುಂಡ್‌ನೆಸ್ ಊರಿನ ಸಿಗ್‌ಬ್ಯೋರ್ನನನ್ನು ಕರೆಯಿತು. ನೇರ ಗೆರೆ ಎಳೆದರೆ ಅವನೇ ಹತ್ತಿರ. ಆದರೆ ನಡುವೆ ಗುಡ್ಡ. ದೋಣಿ ಭೂಶಿರವನ್ನು ಪೂರ್ತಿ ಬಳಸಿ ಬರಬೇಕು. ನೇರ ಗೆರೆಯ ಲೆಕ್ಕದಲ್ಲಿ ದೂರವಿದ್ದ ಇನ್ನೊಂದು ದೋಣಿಗೆ ಅಡ್ಡಿಯಿಲ್ಲದ ನೀರಿತ್ತು. ಅದನ್ನು ಯಾರೂ ಕರೆಯಲಿಲ್ಲ. ಸಿಗ್‌ಬ್ಯೋರ್ನ್ ಮುಟ್ಟುವಷ್ಟರಲ್ಲಿ ಟೊರ್ಲೀಫನ ಜೀವ ಹೋಗಿತ್ತು.

ಗುನ್‌ವೋರ್ ಹುಟ್ಟಿದ್ದು ಸುಂಡ್‌ನೆಸ್‌ನಲ್ಲೇ. ಅವಳ ಅಜ್ಜಿಯ ಮನೆ ಹೌಕ್‌ವಿಕ್‌ನಲ್ಲಿ. ಅಪ್ಪನ ದೋಣಿಯಲ್ಲಿ ಅಲ್ಲಿಗೆ ಹೋಗುವಾಗೆಲ್ಲ ಭೂಶಿರದ ಅಲೆಗಳಿಗೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಆ ದೂರ ಅವಳ ಮೈಗೇ ಗೊತ್ತಿತ್ತು. ಪ್ರೋಗ್ರಾಂ ಬರೆಯುವಾಗ ನೆನಪಾಗಲಿಲ್ಲ.

ಟೊರ್ಲೀಫನನ್ನು ಮಣ್ಣು ಮಾಡಿದ ಮೇಲೆ ಬಂದವರಿಗೆಲ್ಲ ಕೊಡುವ ಕಾಫಿಗೆ ಅವಳೂ ಹೋಗಿ ಮೂಲೆಯಲ್ಲಿ ಕೂತಳು. ಅಪ್ಪನ ಗೆಳೆಯ ಸಿಗ್‌ಬ್ಯೋರ್ನ್ ಎದುರಿಗೆ ಬಂದು ಕೂತ.

"ಏನ್ ಹುಡುಗಿ, ನನ್ ದೋಣಿಗೆ ರೆಕ್ಕೆ ಇದೆ ಅಂತ ನಿನ್ ಮಷೀನಿಗೆ ಯಾರ್ ಹೇಳಿದ್ದು?"

"ನಾನೇ, ಸಿಗ್‌ಬ್ಯೋರ್ನ್."

ಅವನು ಬೆಣ್ಣೆ ಸಕ್ಕರೆ ಹಚ್ಚಿದ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿದ. "ತಿನ್ನು. ಅಳೋದಕ್ಕೆ ಅವನ ಮನೇವ್ರಿದ್ದಾರೆ. ನೀನು ಅದನ್ನ ಸರಿ ಮಾಡು."

ಅಂದಿನಿಂದ ಅವಳು ಪ್ರೋಗ್ರಾಂನಲ್ಲಿ ದೂರವನ್ನು ನೀರಿನ ಮೇಲೆಯೇ ಅಳೆಯತೊಡಗಿದಳು. ಭೂಶಿರ, ನಡುಗಡ್ಡೆ, ಬಂಡೆ, ಒಂದೊಂದನ್ನೂ ಬಳಸಿ. ಅರ್ಧಕ್ಕೆ ಬಂದಾಗ ಕಾಯಿಲೆ ಗೊತ್ತಾಯಿತು. ಉಳಿದದ್ದನ್ನು ಬೇರೆಯವರು ಮುಗಿಸುತ್ತಾರೆ ಎಂದು ಕಚೇರಿಯವರು ಹೇಳಿದರು. ಅವಳು ಕೇಳಲಿಲ್ಲ. ಇನ್ನೊಬ್ಬರು ಹೀಗೆಯೇ ನೀರಲ್ಲಿ ಕಾಯುತ್ತಾ ಸಾಯುವ ಮೊದಲು ಮುಗಿಯಬೇಕಿತ್ತು. ತಾನು ಸಾಯುವ ಮೊದಲೂ.

ಅವಳು ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ, ಆಸ್ಪತ್ರೆಗೆ ಸಿಗ್‌ಬ್ಯೋರ್ನ್ ಬಂದಾಗ ಲ್ಯಾಪ್‌ಟಾಪ್ ಅವಳ ಹೊದಿಕೆಯ ಮೇಲಿತ್ತು.

"ಈ ಬಂಡೆ ಪಕ್ಕದಲ್ಲಿ ಹೋಗ್ಬಾರ್ದು ಕಣೇ, ನೀರಿಳಿದಾಗ ದೋಣಿ ತಳ ತಾಗುತ್ತೆ," ಎಂದು ಪರದೆಯ ಮೇಲೆ ಬೆರಳಿಟ್ಟ.

ಅವಳು ಅದನ್ನೂ ತಿದ್ದಿದಳು. ಟೊರ್ಲೀಫ್ ಮುಳುಗಿದ ಜಾಗವನ್ನು ಪ್ರೋಗ್ರಾಮಿಗೆ ಕೊಟ್ಟಳು. ಅಂದು ಕರೆಯದೆ ಬಿಟ್ಟ ದೋಣಿಯ ಹೆಸರು ಪಟ್ಟಿಯಲ್ಲಿ ಮೊದಲು ಬಂತು.

"ನಾನೆಲ್ಲಿ?"

"ತುಂಬಾ ಕೆಳಗೆ."

"ಸದ್ಯ. ಇನ್ಮೇಲಾದ್ರೂ ಊಟ ಮಾಡೋಕೆ ಬಿಡ್ತೀಯ," ಎಂದ. ಹೇಳುತ್ತಲೇ ಕಿಟಕಿಯ ಕಡೆ ತಿರುಗಿಕೊಂಡ.

ಗುನ್‌ವೋರ್ ಕೆಲಸವನ್ನು ಕಚೇರಿಗೆ ಕಳಿಸಿದಳು. ಆಮೇಲೆ ಸುಂಡ್‌ನೆಸ್‌ನ ದೋಣಿಕಟ್ಟೆಯ ಮೇಲೆ, ಪರದೆಯ ನಕ್ಷೆಯಲ್ಲಿ, ಬೆರಳಿಟ್ಟು, ನೀರಿನ ಮೇಲಿನ ಹೊಸ ಗೆರೆ ಹೋದ ಹಾಗೇ ಭೂಶಿರವನ್ನು ನಿಧಾನವಾಗಿ ಬಳಸಿಕೊಂಡು, ಅಜ್ಜಿಯ ಊರಿನವರೆಗೆ ಬೆರಳನ್ನು ತಂದಳು.